ಎರಡು ಸಲ ಬಾಗಿದ ಕಂಬಿ

ಡಾಕ್ಟರು ನಮ್ಮ ವರ್ಕ್‌ಶಾಪಿಗೆ ಬಂದಾಗ ಬೆಳಗಿನ ಹತ್ತು ಗಂಟೆ. ಚಾಮರಾಜಪೇಟೆಯ ನಮ್ಮ ರಸ್ತೆಯಲ್ಲಿ ಅಷ್ಟು ದೊಡ್ಡ ಡಾಕ್ಟರೊಬ್ಬರು ಕಾರು ನಿಲ್ಲಿಸಿ ಇಳಿದದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಏನಾದರೂ ಬೇಕಿದ್ದರೆ ಆಸ್ಪತ್ರೆಯಿಂದ ಚೀಟಿ ಬರುತ್ತಿತ್ತು, ನಾವೇ ಹೋಗುತ್ತಿದ್ದೆವು. ಮುರಿದ ಕೈಕಾಲಿಗೆ ಕಟ್ಟುವ ಸ್ಪ್ಲಿಂಟು, ಪೋಲಿಯೋ ಆದ ಮಕ್ಕಳ ಕಾಲಿಗೆ ಆಸರೆಯಾಗುವ ಕ್ಯಾಲಿಪರ್, ಮೊಂಡಾದ ಆಪರೇಷನ್ ಕತ್ತರಿಗಳಿಗೆ ಸಾಣೆ, ನಮ್ಮದು ಇಂಥ ಕೆಲಸ. ಯಜಮಾನರು ಮತ್ತು ನಾನು, ಇಬ್ಬರೇ. ಯಜಮಾನರಿಗೆ ಅರವತ್ತು ದಾಟಿತ್ತು, ಒಂದು ಕಣ್ಣಿಗೆ ಪೊರೆ ಬಂದಿತ್ತು. ಸೂಕ್ಷ್ಮದ ಕೆಲಸವೆಲ್ಲ ನನ್ನ ಕೈಗೆ ಬಂದು ಎರಡು ವರ್ಷವಾಗಿತ್ತು. ಎಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ.

ಡಾಕ್ಟರು ಕಂದು ಲಕೋಟೆಯಿಂದ ಎಕ್ಸ್‌ರೇ ಫಿಲಂ ತೆಗೆದು ಬಾಗಿಲ ಬೆಳಕಿಗೆ ಹಿಡಿದರು. ಪಕ್ಕದಿಂದ ತೆಗೆದ ತಲೆ ಮತ್ತು ಕತ್ತು.

"ಇದು ತಲೆಬುರುಡೆ. ಇದು ಕತ್ತಿನ ಮೊದಲನೇ ಮೂಳೆ, ಉಂಗುರದ ಥರ ಇದೆ ನೋಡಿ. ಇದು ಎರಡನೇದು. ಉಂಗುರ ಇದರ ಮೇಲೆ ಭದ್ರವಾಗಿ ಕೂತಿರ್ಬೇಕು. ಈ ಮನುಷ್ಯನಿಗೆ ಅದು ಮುಂದಕ್ಕೆ ಜಾರ್ತಾ ಇದೆ. ಮಧ್ಯದಲ್ಲಿ ನರದ ಹುರಿ ಇಳಿಯತ್ತೆ. ಅದು ನಜ್ಜಿದ್ರೆ ಕೈಕಾಲು ಹೋಗತ್ತೆ. ಇನ್ನೂ ಸ್ವಲ್ಪ ನಜ್ಜಿದ್ರೆ ಉಸಿರು ನಿಲ್ಲತ್ತೆ."

"ಯಾರು ಸಾರ್ ಅವರು?" ಎಂದು ಕೇಳಿದೆ.

"ತರಗುಪೇಟೆಯಲ್ಲಿ ಮೂಟೆ ಹೊರೋ ಹಮಾಲಿ. ಮೂವತ್ತೆರಡು ವಯಸ್ಸು. ಹುಟ್ಟಿನಿಂದಲೇ ಆ ಮೂಳೆ ಸರಿಯಾಗಿ ಕೂಡಿಕೊಂಡಿರ್ಲಿಲ್ಲ ಅನ್ಸತ್ತೆ. ಅದರ ಮೇಲೆ ಹದಿನೈದು ವರ್ಷ ಬೇಳೆ ಮೂಟೆ ಹೊತ್ತಿದಾನೆ. ಈಗ ಲೋಟ ಹಿಡಿಯೋಕಾಗ್ತಿಲ್ಲ."

ಹಳೆಯ ಚಿಕಿತ್ಸೆ ಏನೆಂದು ಅವರೇ ವಿವರಿಸಿದರು. ಸೊಂಟದಿಂದ ಮೂಳೆಯ ಚೂರು ತೆಗೆದು ತಲೆಬುರುಡೆಯ ಬುಡದಿಂದ ಕತ್ತಿನವರೆಗೆ ಜೋಡಿಸಿ ತಂತಿಯಿಂದ ಕಟ್ಟುವುದು. ಆ ಚೂರು ಬೆಳೆದು ಬೆಸೆದುಕೊಳ್ಳುವವರೆಗೆ, ಅಂದರೆ ಮೂರು ನಾಲ್ಕು ತಿಂಗಳು, ತಲೆಗೆ ತೂಕ ಕಟ್ಟಿ ಅಲ್ಲಾಡದಂತೆ ಮಲಗಿಸುವುದು. ಅಷ್ಟು ದಿನ ಮಲಗಿದರೆ ಈ ಮನುಷ್ಯನ ಶ್ವಾಸಕೋಶ ತಡೆಯುವುದಿಲ್ಲ ಎಂದರು. ಹೊರದೇಶದಲ್ಲಿ ಈಗ ಉಕ್ಕಿನ ಕಂಬಿಯೊಂದನ್ನು ಹೇರ್‌ಪಿನ್ನಿನ ಆಕಾರಕ್ಕೆ ಬಾಗಿಸಿ ಕತ್ತಿನ ಹಿಂದೆ ಒಳಗೇ ಕೂರಿಸುತ್ತಾರಂತೆ. ದುಂಡನೆಯ ತುದಿ ತಲೆಬುರುಡೆಯ ಮೇಲೆ, ಎರಡು ಕಾಲುಗಳು ಕತ್ತಿನ ಮೂಳೆಗಳ ಎಡಕ್ಕೂ ಬಲಕ್ಕೂ. ತಲೆ ಮುಗಿದು ಕತ್ತು ಶುರುವಾಗುವ ಕಡೆ ಎರಡು ಕಾಲುಗಳಿಗೂ ಒಂದೇ ಅಳತೆಯ ಬಾಗು. ಅದನ್ನು ತಂತಿಗಳಿಂದ ಮೂಳೆಗೆ ಬಿಗಿದರೆ ಒಳಗಿನ ಚೂರು ಬೆಸೆಯುವ ತನಕ ಕಂಬಿಯೇ ಕತ್ತನ್ನು ಹಿಡಿದಿರುತ್ತದೆ. ರೋಗಿ ಬೇಗ ಎದ್ದು ಕೂರಬಹುದು.

"ನೀವು ಮಾಡಿಕೊಡ್ಬೇಕು," ಎಂದರು.

ಯಜಮಾನರು ಕೈ ಒರೆಸಿಕೊಳ್ಳುತ್ತ, "ಮೈ ಹೊರಗೆ ಕಟ್ಟೋದು ಮಾಡಿದೀವಿ ಸಾರ್. ಒಳಗಿಡೋದು ಯಾವತ್ತೂ ಮಾಡಿಲ್ಲ," ಎಂದರು.

"ತರಿಸೋಕೆ ಬರೆದಿದೀನಿ. ಬರೋಕೆ ತಿಂಗಳುಗಟ್ಟಲೆ ಆಗತ್ತೆ. ಅವನ ಹತ್ರ ಅಷ್ಟು ತಿಂಗಳಿಲ್ಲ."

ಡಾಕ್ಟರು ಕಾಗದದಲ್ಲಿ ಸುತ್ತಿದ್ದ ಎರಡು ಉದ್ದನೆಯ ಕಂಬಿಗಳನ್ನು ಮೇಜಿನ ಮೇಲಿಟ್ಟರು. ಪೆನ್ಸಿಲಿಗಿಂತ ತೆಳ್ಳಗೆ, ಐದು ಮಿಲಿಮೀಟರ್ ದಪ್ಪ. ದೇಹದೊಳಗೆ ತುಕ್ಕು ಹಿಡಿಯದ ಸ್ಟೇನ್‌ಲೆಸ್ ಉಕ್ಕು. ಎಲ್ಲಿಂದಲೋ ಬಹಳ ಕಷ್ಟಪಟ್ಟು ತಂದದ್ದು, ಎರಡೇ ಇರುವುದು. ಒಂದರಲ್ಲಿ ಮಾಡಿ, ಇನ್ನೊಂದು ಕೈಯಲ್ಲಿರಲಿ ಎಂದರು.

ಅವರು ಹೋದ ಮೇಲೆ ಯಜಮಾನರು ಕಂಬಿಯನ್ನು ಬೆರಳಲ್ಲಿ ಉರುಳಿಸಿ ನೋಡಿ ನನ್ನ ಕೈಗೆ ಕೊಟ್ಟರು. "ಬಿಸಿ ಮುಟ್ಟಿಸ್ಬೇಡ. ಅಡ್ಡಡ್ಡ ಅರ ಹಾಕ್ಬೇಡ, ಉದ್ದಕ್ಕೇ ಹಾಕು. ಒಂದ್ಸಲ ಬಗ್ಗಿಸಿದ ಜಾಗದಲ್ಲಿ ಮತ್ತೆ ಬಗ್ಗಿಸ್ಬೇಡ." ಮೂರೇ ಮಾತು. ಅವೇನೂ ಹೊಸವಲ್ಲ. ಕ್ಯಾಲಿಪರ್ ಮಾಡುವಾಗಲೂ ಅವರು ಅದನ್ನೇ ಹೇಳುತ್ತಿದ್ದರು.

ಫಿಲಂ ಮೇಲೆ ತೆಳು ಕಾಗದವಿಟ್ಟು ಡಾಕ್ಟರು ಕಂಬಿಯ ಗೆರೆಯನ್ನು ಬರೆದುಕೊಟ್ಟಿದ್ದರು. ಮೊದಲು ಎರಡೂ ಕಂಬಿಗಳನ್ನು ಅಳತೆಗೆ ಕತ್ತರಿಸಿ, ನೆಟ್ಟಗಿರುವಾಗಲೇ ಎಮರಿ ಕಾಗದದಿಂದ ಉದ್ದಕ್ಕೆ ಉಜ್ಜಿ, ಬಟ್ಟೆಯ ಚಕ್ರದಲ್ಲಿ ಕನ್ನಡಿಯ ಹಾಗೆ ಪಾಲಿಷ್ ಮಾಡಿ, ಡಾಕ್ಟರು ಹೇಳಿದಂತೆ ತೆಳು ಮಾಡಿದ ನೈಟ್ರಿಕ್ ಆಸಿಡ್ಡಿನಲ್ಲಿ ನೆನೆಸಿ ತೊಳೆದೆ. ಬಾಗಿಸುವುದಕ್ಕೆ ದಪ್ಪ ತಗಡಿನ ಮೇಲೆ ಮೊಳೆಯಂಥ ಗೂಟಗಳನ್ನು ನೆಟ್ಟು ಒಂದು ಅಚ್ಚು ಮಾಡಿಕೊಂಡೆ. ಸ್ಟೇನ್‌ಲೆಸ್‌ಗೆ ಒಂದು ಹಟವಿದೆ. ಬಾಗಿಸಿ ಕೈ ಬಿಟ್ಟರೆ ಸ್ವಲ್ಪ ಹಿಂದಕ್ಕೆ ಚಿಮ್ಮುತ್ತದೆ. ಎಷ್ಟು ಚಿಮ್ಮುತ್ತದೆಂದು ಬೇರೆ ತುಂಡುಗಳಲ್ಲಿ ಎರಡು ದಿನ ನೋಡಿಕೊಂಡು ಮೂರನೆಯ ದಿನ ಮೊದಲ ಕಂಬಿಯನ್ನು ಬಾಗಿಸಿದೆ. ಎರಡು ಕಾಲುಗಳೂ ಗಾಜಿನ ಮೇಲೆ ಒಂದೇ ಸಮ ಕೂತವು. ನನಗೆ ಖುಷಿಯಾಗಿತ್ತು ಎನ್ನುವುದನ್ನು ಮುಚ್ಚಿಡುವುದಿಲ್ಲ.

ರೋಗಿಯ ಕತ್ತಿನ ಮೇಲೆ ಒಮ್ಮೆ ಅಂದಾಜು ನೋಡಿಬಿಡಿ ಎಂದು ಡಾಕ್ಟರು ವಾರ್ಡಿಗೆ ಕರೆಸಿದರು. ಅಲ್ಲಿಗೆ ಕಾಲಿಟ್ಟಾಗಲೇ ನನಗೆ ಈ ಕೆಲಸದ ಭಯ ಹಿಡಿದದ್ದು. ಅದುವರೆಗೆ ಅದು ಫಿಲಂ ಮೇಲಿನ ಒಂದು ಗೆರೆಯಾಗಿತ್ತು. ಇಲ್ಲಿ ಎತ್ತರದ ಒಬ್ಬ ಮನುಷ್ಯ ಅಂಗಾತ ಮಲಗಿದ್ದ. ತಲೆ ಬೋಳಿಸಿತ್ತು. ಕಿವಿಗಳ ಮೇಲ್ಭಾಗದಲ್ಲಿ ಬುರುಡೆಗೆ ಕಚ್ಚಿಸಿದ ಉಕ್ಕಿನ ಇಕ್ಕಳ, ಅದರಿಂದ ಹಗ್ಗ, ಹಗ್ಗ ರಾಟೆಯ ಮೇಲೆ ಹಾದು ಮಂಚದ ಆಚೆ ತೂಕದ ಬಿಲ್ಲೆಗಳು. ಭುಜಗಳು ಮಂಚದ ಅಗಲ ತುಂಬಿಕೊಂಡಿದ್ದವು. ಕೈಗಳು ಮಾತ್ರ ಬೇರೆ ಯಾರದೋ ಎಂಬಂತೆ ಪಕ್ಕದಲ್ಲಿ ಬಿದ್ದಿದ್ದವು.

ಬೆಸುಗೆಗೆ ಬಳಸುವ ಮೆತ್ತನೆಯ ತಂತಿಯನ್ನು ಕತ್ತಿನ ಹಿಂದೆ ಒತ್ತಿ ಅದರ ಬಾಗು ತೆಗೆದುಕೊಳ್ಳಬೇಕಿತ್ತು. ಚರ್ಮದ ಬಾಗು ಮೂಳೆಯ ಬಾಗಲ್ಲ, ಆದರೂ ಒಂದು ಅಂದಾಜು ಸಿಗುತ್ತದೆ. ನಾಲ್ಕು ಜನ ಅವನನ್ನು ತಲೆಯಿಂದ ಕಾಲಿನವರೆಗೆ ಒಂದು ಮರದ ದಿಮ್ಮಿಯನ್ನು ಉರುಳಿಸುವ ಹಾಗೆ ಒಟ್ಟಿಗೆ ಮಗ್ಗುಲಾಗಿಸಿದರು. ತಲೆ ಹಿಡಿದವರು ಡಾಕ್ಟರೇ. ನಾನು ತಂತಿಯನ್ನು ಅವನ ಕತ್ತಿಗೆ ತಾಗಿಸಿದೆ. ತಂತಿ ಎರಡು ಸಲ ಜಾರಿತು.

"ಹೆದರ್ಕೋಬೇಡಿ ಸಾರ್," ಎಂದ ಹಮಾಲಿ, ಗೋಡೆಯ ಕಡೆ ಮುಖ ಮಾಡಿಕೊಂಡೇ. "ಈ ಕತ್ತಿಗೆ ಕ್ವಿಂಟಾಲ್ ಮೂಟೆ ಅಭ್ಯಾಸ."

ಅವನ ಹೆಂಡತಿ ಕಾಲ ಬಳಿ ನಿಂತಿದ್ದಳು. ಕಲಾಸಿಪಾಳ್ಯದಲ್ಲಿ ಸೊಪ್ಪು ಮಾರುವವಳು. "ಮಾತಾಡ್ಬೇಡಿ ನೀವು," ಎಂದು ಅವನನ್ನು ಗದರಿದಳು. ಆಮೇಲೆ ನನ್ನ ಕಡೆ ತಿರುಗಿ, "ನೀವೇನಾ ಅಣ್ಣ, ಆ ಕಂಬಿ ಮಾಡೋರು?" ಎಂದು ಕೇಳಿದಳು. ಹೌದು ಎಂದೆ. ಅವಳು ನನ್ನ ಕೈಗಳನ್ನು ನೋಡಿದಳು.

ತಂತಿಯ ಬಾಗಿಗೂ ನಾನು ಮಾಡಿದ್ದ ಕಂಬಿಯ ಬಾಗಿಗೂ ತಾಳೆಯಾಗಲಿಲ್ಲ. ಕೋನ ಸರಿಯಿತ್ತು, ಆದರೆ ಬಾಗು ಕೆಳಗೆ ಬರುತ್ತಿತ್ತು. ಡಾಕ್ಟರು ಎರಡನ್ನೂ ಪಕ್ಕಪಕ್ಕ ಹಿಡಿದು ನೋಡಿ, "ಛೆ, ಫಿಲಂ ದೊಡ್ಡದಾಗಿ ತೋರಿಸ್ತಿದೆ," ಎಂದರು. ದೀಪದ ಮುಂದೆ ಕೈ ಹಿಡಿದರೆ ಗೋಡೆಯ ಮೇಲಿನ ನೆರಳು ಕೈಗಿಂತ ದೊಡ್ಡದಾಗುವುದಿಲ್ಲವೇ, ಹಾಗೆ. ನಾನು ವರ್ಕ್‌ಶಾಪಿನಿಂದ ಹತ್ತು ಮಿಲಿಮೀಟರಿನ ಬೇರಿಂಗ್ ಗುಂಡು ತಂದುಕೊಟ್ಟೆ. ನೆರಳು ಎಷ್ಟು ಹಿಗ್ಗುತ್ತದೆಂದು ಅಳೆಯಲು ಅದನ್ನು ಕತ್ತಿಗೆ ಅಂಟುಪಟ್ಟಿಯಿಂದ ಅಂಟಿಸಿ ಮತ್ತೆ ಎಕ್ಸ್‌ರೇ ತೆಗೆದರು. ಫಿಲಂ ಮೇಲೆ ಗುಂಡು ಹನ್ನೊಂದೂವರೆ ಬಂತು. ಲೆಕ್ಕ ಹಾಕಿದರೆ ಬಾಗು ಆರು ಮಿಲಿಮೀಟರ್ ಮೇಲೆ ಹೋಗಬೇಕಿತ್ತು. ಡಾಕ್ಟರು ಹೊಸ ಗೆರೆ ಬರೆದುಕೊಟ್ಟರು. ನಿಧಾನವಾಗಿ ಮಾಡಿ, ಮುಂದಿನ ವಾರಕ್ಕೆ ಆಪರೇಷನ್ ಇಟ್ಟುಕೊಂಡಿದ್ದೇನೆ ಎಂದರು.

ಮಾರನೆಯ ಬೆಳಗ್ಗೆಯೇ ಆಸ್ಪತ್ರೆಯಿಂದ ಚೀಟಿ ಬಂತು. ಹಮಾಲಿಯ ಉಸಿರು ಮೇಲುಸಿರಾಗಿದೆ, ಇನ್ನು ಕಾಯುವಂತಿಲ್ಲ, ನಾಡಿದ್ದೇ ಆಪರೇಷನ್, ಕಂಬಿ ನಾಳೆ ಮಧ್ಯಾಹ್ನದೊಳಗೆ ಬೇಕು.

ಯಜಮಾನರು ಆ ದಿನ ಕಣ್ಣು ತೋರಿಸಲು ಹೋಗಿದ್ದರು. ಎರಡನೆಯ ಕಂಬಿ ಕಪಾಟಿನಲ್ಲಿ ಪಾಲಿಷ್ ಆಗಿ ಕೂತಿತ್ತು. ಅದನ್ನೇ ತೆಗೆದು ಹೊಸದಾಗಿ ಬಾಗಿಸಬೇಕಿತ್ತು. ನಾನು ತೆಗೆಯಲಿಲ್ಲ. ಇದನ್ನು ಹಾಳುಮಾಡಿಬಿಟ್ಟರೆ ಆಮೇಲೆ ಏನೂ ಉಳಿಯುವುದಿಲ್ಲ ಎನ್ನುವುದು ಒಂದು ಭಯ. ಮೊದಲ ಕಂಬಿಯ ದುಂಡನೆಯ ತುದಿ ಅಷ್ಟು ಚೆನ್ನಾಗಿ ಬಂದಿದೆ, ಆರು ಮಿಲಿಮೀಟರಿಗೆ ಅದನ್ನು ಎಸೆಯಬೇಕೇ ಎನ್ನುವ ಜಂಬ ಇನ್ನೊಂದು. ಮೊದಲ ಕಂಬಿಯನ್ನೇ ಮೇಜಿನ ವೈಸಿನ ಇಕ್ಕಳದಲ್ಲಿ ಬಿಗಿದು, ಬಾಗನ್ನು ನೆಟ್ಟಗೆ ಮಾಡಿ, ಆರು ಮಿಲಿಮೀಟರ್ ಮೇಲೆ ಮತ್ತೆ ಬಾಗಿಸಿದೆ. ನೆಟ್ಟಗೆ ಮಾಡುವಾಗ ವೈಸಿನ ಬಾಯಿಗೆ ಹಾಕಿದ್ದ ತಾಮ್ರದ ತಗಡು ಸರಿದು ಕಂಬಿಯ ಎಡಗಾಲಿನ ಮೇಲೆ ಒಂದು ಕಚ್ಚು ಬಿತ್ತು. ಉಗುರು ತಾಗಿದರೆ ಮಾತ್ರ ತಿಳಿಯುವಷ್ಟು. ಅದನ್ನು ಉಜ್ಜಿ ಪಾಲಿಷ್ ಹಾಕಿದೆ. ಮತ್ತೆ ಕನ್ನಡಿಯಾಯಿತು.

ಮಾರನೆಯ ಮಧ್ಯಾಹ್ನ ಡಾಕ್ಟರು ಅದನ್ನು ಹೊಸ ಗೆರೆಯ ಮೇಲಿಟ್ಟು ನೋಡಿ, "ಪರ್ಫೆಕ್ಟ್," ಎಂದರು. "ಇನ್ನೊಂದು ಕಂಬೀಲಿ ಮಾಡಿದ್ರಾ?" ಎಂದು ಕೇಳಿದರೆ ಏನು ಹೇಳಬೇಕೆಂದು ದಾರಿಯುದ್ದಕ್ಕೂ ಯೋಚಿಸಿಕೊಂಡು ಹೋಗಿದ್ದೆ. ಅವರು ಕೇಳಲಿಲ್ಲ. ನಾನು ಹೇಳಲಿಲ್ಲ.

ಹೊರಡುವಾಗ ಅವರು ತಮ್ಮಷ್ಟಕ್ಕೇ ಹೇಳಿಕೊಂಡ ಹಾಗೆ ಹೇಳಿದರು: "ನಾಲ್ಕು ತಿಂಗಳು ಹಿಡ್ಕೊಂಡ್ರೆ ಸಾಕು. ಉಸಿರಾಡಿದಾಗ, ನುಂಗಿದಾಗ, ಎದ್ದಾಗ, ಕೂತಾಗ ಪ್ರತಿ ಸಲ ಅದರ ಮೇಲೆ ಸ್ವಲ್ಪ ಸ್ವಲ್ಪ ಭಾರ ಬೀಳ್ತಾನೇ ಇರತ್ತೆ. ಮೂಳೆ ಬೆಸೆಯೋ ಮುಂಚೆ ಕಂಬಿ ಮುರಿದ್ರೆ ಅವನು ನಮ್ಮ ಹತ್ರ ಬರೋವರೆಗೂ ಇರಲ್ಲ."

ಅದನ್ನು ಕೇಳಿದ ಮೇಲೆ ನನಗೆ ಊಟ ಸೇರಲಿಲ್ಲ. ಮನೆಯಲ್ಲಿ ಮೈ ಬಿಸಿಯಿದೆಯಾ ಎಂದು ಹೆಂಡತಿ ಹಣೆ ಮುಟ್ಟಿ ನೋಡಿದಳು. ಆ ಕಂಬಿ ಮುರಿದರೂ ನನ್ನ ಕಡೆ ಯಾರೂ ಬೆರಳು ತೋರಿಸುವುದಿಲ್ಲ ಎಂಬುದು ನನಗೆ ಗೊತ್ತಿತ್ತು. ಮೂರನೆಯ ತಿಂಗಳೋ ನಾಲ್ಕನೆಯ ತಿಂಗಳೋ ಅವನು ಮನೆಯಲ್ಲಿ ಕುಸಿದರೆ, ಪಾಪ, ಕಾಯಿಲೆಯೇ ಅಂಥದ್ದು ಎನ್ನುತ್ತಾರೆ. ಕತ್ತು ತೆರೆದು ಕಂಬಿಯ ಎಡಗಾಲನ್ನು ಲೆನ್ಸಿನಲ್ಲಿ ನೋಡುವವರು ಯಾರು? ಯಾರಿಗೂ ತಿಳಿಯುವುದಿಲ್ಲ ಎಂಬುದು ಸಮಾಧಾನ ಕೊಡಬೇಕಿತ್ತು. ಅದೇ ನನ್ನನ್ನು ಹೆಚ್ಚು ಹೆದರಿಸಿತು.

ಆಪರೇಷನ್ ದಿನ ಏಳು ಗಂಟೆಗೆಲ್ಲ ವರ್ಕ್‌ಶಾಪಿನ ಬಾಗಿಲು ತೆರೆದೆ. ಮೊದಲ ಕಂಬಿಯಿಂದ ಕತ್ತರಿಸಿ ಉಳಿದಿದ್ದ ಗೇಣುದ್ದದ ತುಂಡನ್ನು ಹುಡುಕಿದೆ. ಅದೇ ಅಚ್ಚಿನಲ್ಲಿ ಬಾಗಿಸಿದೆ, ವೈಸಿನಲ್ಲಿ ನೆಟ್ಟಗೆ ಮಾಡಿದೆ, ಬೇಕೆಂತಲೇ ಅದೇ ರೀತಿಯ ಕಚ್ಚು ಬೀಳಿಸಿದೆ, ಆರು ಮಿಲಿಮೀಟರ್ ಆಚೆ ಮತ್ತೆ ಬಾಗಿಸಿದೆ, ಪಾಲಿಷ್ ಹಾಕಿದೆ. ಕಣ್ಣಿಗೆ ಏನೂ ಕಾಣಲಿಲ್ಲ. ಬಿರುಕು ಹುಡುಕಲು ನಮ್ಮಲ್ಲಿ ಒಂದು ಹಳೆಯ ಉಪಾಯವಿತ್ತು. ಸೀಮೆಎಣ್ಣೆಯಲ್ಲಿ ನೆನೆಸಿ, ಚೆನ್ನಾಗಿ ಒರೆಸಿ, ಸೀಮೆಸುಣ್ಣದ ಪುಡಿ ಉದುರಿಸುವುದು. ಬಿರುಕಿದ್ದರೆ ಒಳಗೆ ಕೂತ ಎಣ್ಣೆ ನಿಧಾನವಾಗಿ ಹೊರಬಂದು ಪುಡಿಯನ್ನು ಒದ್ದೆ ಮಾಡುತ್ತದೆ. ಅರ್ಧ ಗಂಟೆ ನೆನೆಸಿದೆ. ಒರೆಸಿದೆ. ಪುಡಿ ಹಾಕಿ ಕಿಟಕಿಯ ಬಳಿ ಹಿಡಿದುಕೊಂಡು ಕೂತೆ.

ಮೊದಲು ಏನೂ ಇಲ್ಲ. ಆಮೇಲೆ ಬಾಗಿನ ಹೊರಮೈಯಲ್ಲಿ, ಕಚ್ಚು ಬಿದ್ದಿದ್ದ ಕಡೆ, ಕೂದಲಿಗಿಂತ ತೆಳ್ಳಗಿನ ಒಂದು ಬೂದು ಗೆರೆ ಮೂಡಿತು.

ಯಜಮಾನರು ಆಗಲೇ ಬಂದು ನನ್ನ ಹಿಂದೆ ನಿಂತಿದ್ದರು. ನಾನು ಎಲ್ಲವನ್ನೂ ಹೇಳಿದೆ. ಅವರು ಬೈಯಲಿಲ್ಲ. ತುಂಡನ್ನು ತೆಗೆದುಕೊಂಡು ಒಳ್ಳೆಯ ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು.

"ಆಪರೇಷನ್ ಎಷ್ಟೊತ್ತಿಗೆ?"

"ಒಂಬತ್ತಕ್ಕೆ."

ಗೋಡೆಯ ಗಡಿಯಾರದಲ್ಲಿ ಎಂಟೂ ನಲವತ್ತು. ಪಕ್ಕದ ಪ್ರೆಸ್ಸಿನಲ್ಲಿ ಫೋನಿತ್ತು. ಆಸ್ಪತ್ರೆಯ ನಂಬರು ತಿರುಗಿಸಿದೆ, ಎಂಗೇಜ್. ಮತ್ತೆ ತಿರುಗಿಸಿದೆ, ಎಂಗೇಜ್. ವಾಪಸು ಬಂದಾಗ ಯಜಮಾನರು ಎರಡನೆಯ ಕಂಬಿ, ಅಚ್ಚಿನ ತಗಡು, ಎರಡು ಕ್ಲ್ಯಾಂಪು, ಡಾಕ್ಟರ ಗೆರೆಯ ಕಾಗದ ಎಲ್ಲವನ್ನೂ ಗೋಣಿಚೀಲಕ್ಕೆ ತುಂಬುತ್ತಿದ್ದರು.

"ಬರೀ ಬಾಯಿ ತಗೊಂಡು ಹೋಗ್ಬೇಡ," ಎಂದರು. "ಇದನ್ನೂ ತಗೊಂಡು ಹೋಗು."

ಸೈಕಲ್ಲಿನ ಕ್ಯಾರಿಯರಿಗೆ ಚೀಲ ಕಟ್ಟಿಕೊಂಡು ಹೊರಟೆ. ದಾರಿಯಲ್ಲಿ ಒಂದು ಕಡೆ ಕಾಲು ಊರಿ ನಿಂತದ್ದು ನೆನಪಿದೆ. ಹೇಳಿದರೆ ಆಸ್ಪತ್ರೆಯ ಕೆಲಸ ಮತ್ತೆ ನಮಗೆ ಬರುವುದಿಲ್ಲ. ನನ್ನಿಂದಾಗಿ ಯಜಮಾನರ ಬಾಗಿಲು ಮುಚ್ಚಬಹುದು. ತುಂಡಿನಲ್ಲಿ ಬಂದ ಬಿರುಕು ಕಂಬಿಯಲ್ಲೂ ಇರಬೇಕೆಂದೇನಿಲ್ಲವಲ್ಲ ಎಂದುಕೊಂಡೆ. ಮರುಕ್ಷಣವೇ, ಇಲ್ಲವೆಂದು ಹೇಳಲು ನನ್ನ ಹತ್ತಿರ ಏನಿದೆ ಎಂದೂ ಅನ್ನಿಸಿತು. ಹಿಂದಿನಿಂದ ಆಟೋದವನು ಹಾರ್ನ್ ಹೊಡೆದ. ಮತ್ತೆ ಪೆಡಲ್ ತುಳಿದೆ.

ಆಪರೇಷನ್ ಥಿಯೇಟರಿನ ಹೊರಗೆ ಬೆಂಚಿನ ಮೇಲೆ ಹಮಾಲಿಯ ಹೆಂಡತಿ ಒಬ್ಬಳೇ ಕೂತಿದ್ದಳು. ನನ್ನನ್ನು ಕಂಡು ಎದ್ದು ನಿಂತಳು. ನಾನು ನಿಲ್ಲದೆ ಬಾಗಿಲು ತಟ್ಟಿದೆ. ಥಿಯೇಟರ್ ಸಿಸ್ಟರ್ ಅರ್ಧ ಬಾಗಿಲು ತೆರೆದರು.

"ಸಿಸ್ಟರ್, ಡಾಕ್ಟರನ್ನ ಕರೀರಿ."

"ಈಗ ಆಗಲ್ಲ. ಪೇಷಂಟಿಗೆ ಅನಸ್ತೇಶಿಯ ಕೊಟ್ಟಾಯ್ತು. ಈಗ ತಾನೇ ಬೋರಲು ಮಲಗಿಸಿದಾರೆ."

"ಆ ಕಂಬಿ ಹಾಕ್ಬಾರ್ದು."

ಅವರು ನನ್ನ ಮುಖವನ್ನೇ ನೋಡಿ ಬಾಗಿಲು ಮುಚ್ಚಿಕೊಂಡು ಒಳಗೆ ಹೋದರು. ಡಾಕ್ಟರು ಬಂದಾಗ ತೊಳೆದ ಕೈಗಳನ್ನು ಎದೆಯ ಮಟ್ಟಕ್ಕೆ ಎತ್ತಿ ಹಿಡಿದಿದ್ದರು. ಮಾಸ್ಕಿನ ಮೇಲೆ ಕಣ್ಣು ಮಾತ್ರ ಕಾಣುತ್ತಿತ್ತು. ನಾನು ಚೀಲದಿಂದ ತುಂಡು ತೆಗೆದು ಗೆರೆ ತೋರಿಸಿದೆ. ಮೊದಲ ಕಂಬಿಯನ್ನೇ ನೆಟ್ಟಗೆ ಮಾಡಿ ಮತ್ತೆ ಬಾಗಿಸಿದ್ದು, ಕಚ್ಚು ಬಿದ್ದದ್ದು, ಅದನ್ನು ಮುಚ್ಚಿದ್ದು ಎಲ್ಲ ಹೇಳಿದೆ.

"ನಿನ್ನೆ ಯಾಕೆ ಹೇಳ್ಲಿಲ್ಲ?"

"ಹೆದರ್ಕೊಂಡಿದ್ದೆ ಸಾರ್."

"ಈಗ?"

"ಈಗ ಅದಕ್ಕಿಂತ ಜಾಸ್ತಿ ಹೆದರಿಕೆ ಆಗ್ತಿದೆ ಸಾರ್."

ಅವರು ತಿರುಗಿ ಥಿಯೇಟರಿನ ಒಳಗೆ ನೋಡಿದರು. ನಿಲ್ಲಿಸಬೇಕೆಂದರೆ ರೋಗಿಯನ್ನು ಮತ್ತೆ ಅಂಗಾತ ಮಾಡಬೇಕು, ಎಚ್ಚರಿಸಬೇಕು, ಇನ್ನೊಂದು ದಿನ ಇದೆಲ್ಲ ಮೊದಲಿನಿಂದ. ಆ ಕತ್ತನ್ನು ಒಮ್ಮೆ ತಿರುಗಿಸುವುದೇ ಎಷ್ಟು ಅಪಾಯವೆಂದು ನಾನು ವಾರ್ಡಿನಲ್ಲಿ ಕಣ್ಣಾರೆ ಕಂಡಿದ್ದೆ.

"ಹೊಸದು ಬಗ್ಗಿಸೋಕೆ ಎಷ್ಟು ಹೊತ್ತು ಬೇಕು?"

"ಮುಕ್ಕಾಲು ಗಂಟೆ. ಪಾಲಿಷು, ಆಸಿಡ್ಡು ಮೊದಲೇ ಆಗಿದೆ. ಬಗ್ಗಿಸೋದಷ್ಟೇ."

"ನಾನು ತೆರೆದು, ಮೂಳೆ ಬಿಡಿಸಿ, ಬುರುಡೇಲಿ ತೂತು ಹಾಕಿ, ತಂತಿ ದಾಟಿಸೋಷ್ಟರಲ್ಲಿ ಎರಡು ಗಂಟೆ ಹಿಡಿಯತ್ತೆ. ಸ್ಟೆರಿಲೈಸ್ ಆಗೋಕೆ ಮುಕ್ಕಾಲು ಗಂಟೆ ಇಟ್ಕೊಳ್ಳಿ. ಸಿಸ್ಟರ್, ಇವರಿಗೆ ಪ್ಲಾಸ್ಟರ್ ರೂಮ್ ಕೊಡಿ." ಒಳಗೆ ಹೋಗುವವರು ತಿರುಗಿದರು. "ಒಂದೇ ಸಲ ಬಗ್ಗಿಸ್ಬೇಕು. ಗೊತ್ತಲ್ಲ?"

ಪ್ಲಾಸ್ಟರ್ ರೂಮಿನಲ್ಲಿ ಕಲ್ಲಿನ ಮೇಲ್ಹಾಸಿನ ಮೇಜಿತ್ತು. ಅಚ್ಚನ್ನು ಅದಕ್ಕೆ ಕ್ಲ್ಯಾಂಪ್ ಮಾಡಿದೆ. ನೆಲದ ಮೇಲೆಲ್ಲ ಸುಣ್ಣದಂಥ ಪುಡಿ, ಚಪ್ಪಲಿ ಜಾರುತ್ತಿತ್ತು. ಚಪ್ಪಲಿ ಬಿಟ್ಟು ನಿಂತೆ. ದುಂಡನೆಯ ತುದಿ ಮೊದಲು. ಅದು ಸರಿಯಾಗಿ ಬಂತು. ಕಾಗದದ ಮೇಲಿಟ್ಟು ಎರಡು ಕಾಲುಗಳ ಮೇಲೂ ಬಾಗಿನ ಜಾಗ ಗುರುತು ಮಾಡಿದೆ. ಗೀಚಿ ಅಲ್ಲ, ಪೆನ್ನಿನ ಮಸಿಯಿಂದ.

ಆಮೇಲೆ ಕತ್ತಿನ ಬಾಗು. ಕಡಿಮೆಯಾದರೆ ಅದೇ ದಿಕ್ಕಿಗೆ ಇನ್ನಷ್ಟು ಬಾಗಿಸಬಹುದು, ಅದು ಎರಡನೆಯ ಬಾಗಲ್ಲ. ಹೆಚ್ಚಾದರೆ ಹಿಂದಕ್ಕೆ ತರಬೇಕು, ಹಿಂದಕ್ಕೆ ತಂದರೆ ಇದೂ ಮೊದಲಿನ ಕಂಬಿಯೇ ಆಗುತ್ತದೆ. ಆದ್ದರಿಂದ ಕಡಿಮೆಯಿಂದಲೇ ಹತ್ತಿರ ಹೋಗಬೇಕು. ಒತ್ತಿದೆ, ಬಿಟ್ಟೆ, ಚಿಮ್ಮಿದ್ದನ್ನು ಕಾಗದದ ಮೇಲಿಟ್ಟು ನೋಡಿದೆ. ಇನ್ನೂ ಬೇಕು. ಮತ್ತೆ ಅಚ್ಚಿಗೆ. ಕೈಯ ಬೆವರು ತಾಗದಂತೆ ಸಿಸ್ಟರ್ ಕೊಟ್ಟ ಬಟ್ಟೆ ಸುತ್ತಿಕೊಂಡಿದ್ದೆ, ಅದೂ ಒದ್ದೆಯಾಯಿತು. ನಾಲ್ಕನೆಯ ಸಲ ಗೆರೆಗೂ ಕಂಬಿಗೂ ನಡುವೆ ಒಂದು ದಾರದಷ್ಟು ಸಂದು ಉಳಿದಿತ್ತು. ಇಷ್ಟೇ ಸಾಕೇ? ಸಾಕು ಎಂದರೆ ಬುರುಡೆಯ ಮೇಲೆ ತುದಿ ಎದ್ದು ನಿಲ್ಲಬಹುದು. ಇನ್ನೂ ಒತ್ತಿದರೆ ದಾಟಬಹುದು. ಬಾಗಿಲಾಚೆ ಯಾವುದೋ ಯಂತ್ರ ಗುರ್ರೆಂದು ಶುರುವಾಯಿತು, ಬುರುಡೆಗೆ ತೂತು ಹಾಕುವ ಡ್ರಿಲ್ ಇರಬೇಕು. ಮೇಜಿಗೆ ಸೊಂಟ ಒರಗಿಸಿ, ಉಸಿರು ಬಿಗಿಹಿಡಿದು, ಐದನೆಯ ಸಲ ಒತ್ತಿದೆ.

ಕಾಗದದ ಮೇಲಿಟ್ಟೆ. ಗೆರೆ ಕಂಬಿಯ ಕೆಳಗೆ ಮುಚ್ಚಿಹೋಗಿತ್ತು. ಎರಡೂ ಕಾಲುಗಳು ಕಲ್ಲಿನ ಮೇಲೆ ಒಂದೇ ಸಮ ಕೂತವು.

ಲೆನ್ಸಿನಲ್ಲಿ ಸುತ್ತ ನೋಡಿದೆ. ಸೀಮೆಎಣ್ಣೆಯ ಪರೀಕ್ಷೆಗೆ ಸಮಯವಿರಲಿಲ್ಲ. ಸಿಸ್ಟರ್ ಬಂದು ಅದನ್ನು ಸೋಪಿನ ನೀರಿನಲ್ಲಿ ಬ್ರಷ್ಷಿನಿಂದ ಉಜ್ಜಿ ತೊಳೆದು, ಬಟ್ಟೆಯಲ್ಲಿ ಸುತ್ತಿ ಹಬೆಯಲ್ಲಿ ಕ್ರಿಮಿ ಕೊಲ್ಲುವ ಆಟೋಕ್ಲೇವಿಗೆ ಒಯ್ದರು. ನಾನು ಸುತ್ತಿದ್ದ ಬಟ್ಟೆಯನ್ನು ಬಿಚ್ಚಲು ನೋಡಿದೆ, ಬೆರಳು ಮಡಚಿಕೊಂಡೇ ಇದ್ದವು.

ಹೊರಗೆ ಬಂದು ಬೆಂಚಿನ ಮೇಲೆ ಕೂತೆ. ಹಮಾಲಿಯ ಹೆಂಡತಿ ನನ್ನ ಕಡೆ ಸರಿದಳು.

"ಏನಾಯ್ತಣ್ಣ? ಅಷ್ಟು ಜೋರಾಗಿ ಬಂದ್ರಿ."

ಏನೂ ಇಲ್ಲಮ್ಮ ಎಂದುಬಿಡಬಹುದಿತ್ತು. ಆದರೆ ಆ ಬೆಳಗ್ಗೆ ನನ್ನಿಂದ ಇನ್ನೊಂದು ಮಾತು ಮುಚ್ಚಿಡುವುದು ಆಗಲಿಲ್ಲ. "ಮೊದಲು ಮಾಡಿದ ಕಂಬಿ ಸರಿ ಇರ್ಲಿಲ್ಲಮ್ಮ. ನನ್ನದೇ ತಪ್ಪು. ಈಗ ಬೇರೆ ಮಾಡಿ ಕೊಟ್ಟೆ."

"ಇದು ಸರಿ ಇದೆಯಾ?"

"ನನಗೆ ಗೊತ್ತಿರೋ ಮಟ್ಟಿಗೆ ಸರಿ ಇದೆ."

ಅವಳು ನನ್ನನ್ನು ನೋಡಿದಳು. ಆಮೇಲೆ ಎದ್ದು ಬೆಂಚಿನ ಆ ತುದಿಗೆ ಹೋಗಿ ಕೂತಳು. ಆಪರೇಷನ್ ಮುಗಿಯುವವರೆಗೆ, ಅಂದರೆ ಮಧ್ಯಾಹ್ನ ಎರಡೂವರೆಯವರೆಗೆ, ನಮ್ಮಿಬ್ಬರ ಮಧ್ಯೆ ಮೂರು ಜನ ಕೂರುವಷ್ಟು ಜಾಗ ಖಾಲಿ ಇತ್ತು.

ಡಾಕ್ಟರು ಹೊರಗೆ ಬಂದು ಅವಳಿಗೆ, "ಆಯ್ತಮ್ಮ. ಕೈ ಬೆರಳು ಅಲ್ಲಾಡಿಸ್ತಿದಾರೆ," ಎಂದರು. ಅವಳು ಸೆರಗಿನಲ್ಲಿ ಮುಖ ಒತ್ತಿಕೊಂಡಳು. ನನಗೆ, "ಚೆನ್ನಾಗಿ ಕೂತಿದೆ," ಎಂದಷ್ಟೇ ಹೇಳಿ, ಹಳೆಯ ಕಂಬಿಯನ್ನು ಕಾಗದದಲ್ಲಿ ಸುತ್ತಿ ಕೈಗಿಟ್ಟು ಹೋದರು.

ಆ ಕಂಬಿಯನ್ನು ಮಾರನೆಯ ದಿನ ಸೀಮೆಎಣ್ಣೆಯಲ್ಲಿ ನೆನೆಸಿ ಸೀಮೆಸುಣ್ಣದ ಪುಡಿ ಹಾಕಿದೆ. ಏನೂ ಕಾಣಲಿಲ್ಲ. ಇನ್ನೊಂದು ಸಲ, ಇಡೀ ದಿನ ನೆನೆಸಿ ನೋಡಿದೆ. ಆಗಲೂ ಇಲ್ಲ. ಡಾಕ್ಟರಿಗೆ ಹೋಗಿ ಹೇಳಿದೆ. ಅವರು, "ಕಾಣ್ಲಿಲ್ಲ ಅಂದ್ರೆ ಇಲ್ಲ ಅಂತ ಅಲ್ಲ. ನೀವು ಬಂದಿದ್ದೇ ಸರಿ. ಆದ್ರೆ ಒಂದು ದಿನ ತಡವಾಗಿ ಬಂದ್ರಿ," ಎಂದರು. ಆಸ್ಪತ್ರೆಯ ಚೀಟಿಗಳು ಎರಡು ತಿಂಗಳು ಬರಲಿಲ್ಲ. ಆಮೇಲೆ ಶುರುವಾದವು. ಪ್ರತಿ ಚೀಟಿಯ ಕೆಳಗೂ ಡಾಕ್ಟರ ಕೈಬರಹದಲ್ಲಿ 'ಹೊಸ ಕಂಬಿಯಿಂದಲೇ' ಎಂದು ಇರುತ್ತಿತ್ತು.

ಆ ನಾಲ್ಕು ತಿಂಗಳು ನಾನು ಹೇಗೆ ಕಳೆದೆ ಎಂದು ವಿವರಿಸುವುದು ಕಷ್ಟ. ಬೆಳಗ್ಗೆ ಬಾಗಿಲ ಬಳಿ ಯಾರಾದರೂ ನೆರಳಾದರೆ ಕೈಯಲ್ಲಿದ್ದ ಕೆಲಸ ಬಿಟ್ಟು ಎದ್ದು ನೋಡುತ್ತಿದ್ದೆ. ಅವನು ಎರಡನೆಯ ವಾರ ಎದ್ದು ಕೂತ, ಆರನೆಯ ವಾರ ನಡೆದ ಎಂದು ಸಿಸ್ಟರ್ ಹೇಳಿದ್ದರು. ಡಿಸ್ಚಾರ್ಜ್ ಆದ ಮೇಲೆ ಸುದ್ದಿ ಸಿಗಲಿಲ್ಲ. ತರಗುಪೇಟೆಗೆ ಹೋಗಿ ವಿಚಾರಿಸಲು ಎರಡು ಸಲ ಹೊರಟು ಅರ್ಧ ದಾರಿಯಿಂದ ವಾಪಸು ಬಂದೆ.

ನಾಲ್ಕು ತಿಂಗಳಾದ ಮೇಲೆ ಡಾಕ್ಟರು ಕರೆಸಿದರು. ಗೋಡೆಯ ದೀಪದ ಪೆಟ್ಟಿಗೆಯ ಮೇಲೆ ಹೊಸ ಫಿಲಂ ಇತ್ತು. ಕಂಬಿ ಬೆಳ್ಳಗೆ, ಅದರ ಕೆಳಗೆ ಬುರುಡೆಯಿಂದ ಕತ್ತಿನವರೆಗೆ ಮೋಡದಂಥ ಒಂದು ಪಟ್ಟಿ. ಅದೇ ಬೆಸೆದ ಮೂಳೆ ಎಂದು ಬೆರಳಿಟ್ಟು ತೋರಿಸಿದರು. "ಇನ್ನು ಕಂಬಿ ಮುರಿದ್ರೂ ಚಿಂತೆ ಇಲ್ಲ."

ಹಮಾಲಿ ಹೊರಗೆ ನಿಂತಿದ್ದ. ತಲೆಗೂದಲು ಬೆಳೆದಿತ್ತು. ತಲೆ ಒಂದಿಷ್ಟೂ ಅಲುಗದೆ, ಇಡೀ ಮೈ ತಿರುಗಿಸಿ ನನ್ನ ಕಡೆ ನೋಡಿದ. ಇನ್ನು ಮೂಟೆ ಹೊರುವಂತಿಲ್ಲ. ಮಂಡಿಯವರು ಮೂಟೆಗಳ ಬಾಯಿ ಹೊಲಿಯುವ ಕೆಲಸಕ್ಕೆ ಹಾಕಿಕೊಂಡಿದ್ದಾರೆ ಎಂದ. ಬಲಗೈ ಎತ್ತಿ, ಐದೂ ಬೆರಳು ಮಡಚಿ ಬಿಡಿಸಿ ತೋರಿಸಿದ. ನಕ್ಕ.

ಅವನು ಔಷಧಿಯ ಕಿಟಕಿಗೆ ಹೋದಾಗ ಅವನ ಹೆಂಡತಿ ನನ್ನ ಹತ್ತಿರ ಬಂದಳು.

"ಅಣ್ಣಾ, ಆವತ್ತು ನೀವು ಡಾಕ್ಟ್ರಿಗೆ ಹೇಳಿದ್ದು ಒಳ್ಳೇದಾಯ್ತು. ನನಗೆ ಹೇಳಿದ್ರಲ್ಲ, ಅದನ್ನ ಮಾತ್ರ ಹೇಳ್ಬಾರ್ದಿತ್ತು."

ನ್ಯಾಯವಾಗಿಯೇ ಹೇಳುತ್ತಿದ್ದಳು. ಧ್ವನಿಯಲ್ಲಿ ಕೋಪವಿರಲಿಲ್ಲ.

"ನಾಲ್ಕು ತಿಂಗ್ಳು ಅವರ ಪಕ್ಕ ಮಲಗಿ ಉಸಿರು ಎಣಿಸಿದೀನಿ. ಕೆಮ್ಮಿದ್ರೆ ಎದ್ದು ಕೂರ್ತಿದ್ದೆ. ಅವರಿಗೆ ಏನೂ ಗೊತ್ತಿಲ್ಲ, ನಿದ್ದೆ ಮಾಡೋರು. ನೀವು ಹೇಳಿ ಹಗುರ ಆದ್ರಿ. ನಾನು ಯಾರಿಗೆ ಹೇಳ್ಲಿ?"

ನಾನೂ ಹಗುರವಾಗಿರಲಿಲ್ಲ ಎಂದು ಹೇಳಬೇಕೆನ್ನಿಸಿತು. ಹಳೆಯ ಕಂಬಿಯಲ್ಲಿ ಬಿರುಕೇ ಕಾಣಲಿಲ್ಲ ಎಂದೂ. ಎರಡನ್ನೂ ಹೇಳಲಿಲ್ಲ. "ತಪ್ಪಾಯ್ತಮ್ಮ," ಎಂದೆ.

"ತಪ್ಪು ಅಂತಲ್ಲ ಅಣ್ಣ. ನಿಮಗೂ ಗೊತ್ತಿರ್ಲಿ ಅಂತ ಹೇಳ್ದೆ."

ಅವನು ಔಷಧಿಯ ಪೊಟ್ಟಣ ಹಿಡಿದು ಬಂದ. ಇಬ್ಬರೂ ಗೇಟು ದಾಟಿ ಹೋದರು. ನಾನು ಒಳಗೇ ನಿಂತು ನೋಡುತ್ತಿದ್ದೆ. ಬಸ್ಸು, ಎತ್ತಿನ ಗಾಡಿ, ಆಟೋಗಳು ಎಡೆಬಿಡದೆ ಹೋಗುತ್ತಿದ್ದವು. ರಸ್ತೆಯ ಅಂಚಿನಲ್ಲಿ ಅವನು ನೇರ ಮುಂದೆ ನೋಡುತ್ತ ನಿಂತ. ಅವಳು ಬಲಕ್ಕೆ ನೋಡಿದಳು, ಎಡಕ್ಕೆ ನೋಡಿದಳು, ಮತ್ತೊಮ್ಮೆ ಬಲಕ್ಕೆ ನೋಡಿ ಅವನ ಕೈ ಹಿಡಿದುಕೊಂಡು ರಸ್ತೆಗೆ ಇಳಿದಳು.